ಬಾಯಾರ ಕಾಲು ಬೇಕಾದವರು

ಬಾಯಾರು ಮೃದುಭಾಷಿಯಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಅವರು ತೀರಿಕೊಂಡ ಮೂರನೇ ದಿನಕ್ಕೆ ನಮ್ಮ ಫಿಜಿಯೋಥೆರಪಿಯವರ ಸಂಘದ ಕಾರ್ಯದರ್ಶಿ ಫೋನ್ ಮಾಡಿ, "ಸರ್, ಪುಸ್ತಿಕೆಗೆ ಅರ್ಧ ಪುಟ ಬರಕೊಡ್ರಿ. ಮೃದುಭಾಷಿ, ಸೇವಾಪರ, ರೋಗಿಗಳ ಪಾಲಿನ ತಾಯಿ, ಹಿಂಗ ಏನರೆ. ನಿಮಗ ಗೊತ್ತಲ್ಲ" ಎಂದ. ಗೊತ್ತಿದೆ. ಗೊತ್ತಿರುವುದರಿಂದಲೇ ಬರೆಯಲಾಗಲಿಲ್ಲ. ರೋಗಿಗಳ ಪಾಲಿನ ತಾಯಿಯಂತೆ! ಬಾಯಾರು ರೋಗಿಗಳನ್ನು ಬೈಯುತ್ತಿದ್ದರು. ಬೆಳ್ಳಗಿನ ಧೋತರದ ಮುದುಕರಿಗೆ, "ಏನ್ರಿ ಕಾಕಾ, ನಿಮ್ಮ ನಡಾ ಏನು ಗಾಜಿನ ಬಳಿ ಆಗೇತೇನು? ಬಗ್ಗರಿ ಸುಮ್ಮನ" ಎಂದು ಗದರುತ್ತಿದ್ದರು. ನನ್ನ ಇಸ್ತ್ರಿ ಮಾಡಿದ ಅಂಗಿ ನೋಡಿ, "ಬಂದ ನೋಡ್ರಿ ಮದುಮಗ" ಎಂದು ಪೇಷಂಟುಗಳ ಎದುರೇ ಆಡಿಕೊಳ್ಳುತ್ತಿದ್ದರು. ಹೊಗಳಿಕೆಗೆ ಅರ್ಧ ಪುಟ ಸಾಕು. ನನಗೆ ಬೇಕಾದದ್ದು ಸಿಟ್ಟಿಗೆ ಜಾಗ.

ಅವರ ಹೆಸರು ಬರೆಯುವುದಿಲ್ಲ; ಬಾಯಾರು ಎಂಬುದು ನಮ್ಮ ಕಡೆ ಓದಿ ನೌಕರಿ ಹಿಡಿದ ಹೆಂಗಸನ್ನು ಕರೆಯುವ ರೀತಿ ಅಷ್ಟೆ. ಹೆಸರು ಬರೆದರೆ ನೀವು ಅಡ್ಡಹೆಸರು ಕೇಳುತ್ತೀರಿ, ಅಡ್ಡಹೆಸರು ಸಿಕ್ಕರೆ ಓಣಿ ಗೊತ್ತಾಗುತ್ತದೆ, ಓಣಿ ಗೊತ್ತಾದ ಮೇಲೆ ನಮ್ಮ ಕಡೆ ಯಾರಿಗೂ ಮುಂದೆ ಓದುವ ಅಗತ್ಯ ಬೀಳುವುದಿಲ್ಲ. ಅವರ ಅಪ್ಪ ಮನೆಯ ಗೋಡೆಗೆ ಬುದ್ಧನ ಫೋಟೋ ಹಾಕಿಕೊಂಡವರು, ಮಗಳನ್ನು ಓದಿಸಿದವರು. ಆ ಫೋಟೋದಿಂದ ಅವರ ಮನೆಯೊಳಗೆ ಬಹಳಷ್ಟು ಬದಲಾಗಿತ್ತು. ಊರೊಳಗೆ ಏನೂ ಬದಲಾಗಿರಲಿಲ್ಲ. ನಾನು ಬೇರೆ ಊರಿನವನು, ಅಲ್ಲಿಯ ದೊಡ್ಡ ಓಣಿಯವನು. ಇದನ್ನೂ ಹೇಳಿಬಿಟ್ಟೆ.

ಅಣ್ಣಿಗೇರಿಗೂ ನವಲಗುಂದಕ್ಕೂ ನಡುವಿನ ಕಪ್ಪು ಮಣ್ಣಿನ ಎರಿ ಸೀಮೆ, ಎಂಬತ್ತರ ದಶಕ. ಒಂದು ಟ್ರಸ್ಟಿನ ದವಾಖಾನೆ. ಅದರ ಹಿಂಭಾಗದಲ್ಲಿ ನಾವಿಬ್ಬರು ಕೆಲಸ ಮಾಡುವ ಕೋಣೆ. ಜನ ಅದನ್ನು ಕಸರತ್ತಿನ ಖೋಲಿ ಎನ್ನುತ್ತಿದ್ದರು. ಒಂದು ಕೆಂಪು ದೀಪ, ಕಾಲಿಗೆ ತೂಕ ಕಟ್ಟಿ ಜಗ್ಗುವ ಒಂದು ಮಂಚ, ಕರೆಂಟ್ ಕೊಡುವ ಒಂದು ಪೆಟ್ಟಿಗೆ. ಬಂದವರೆಲ್ಲ ಕೇಳುತ್ತಿದ್ದದ್ದು ಕರೆಂಟನ್ನೇ. ಬಾಯಾರು ಅಲ್ಲಿ ಆರು ವರ್ಷದಿಂದ ಇದ್ದರು. ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನ ಮನೆಗೆ ಕಳಿಸಿ ಮತ್ತೆ ಹೊಸ ಆರ್ಡರು ಕೊಡುತ್ತಿದ್ದರು. ನಾನು ಡಿಪ್ಲೊಮಾ ಮುಗಿಸಿ ಬಂದು ಎರಡನೇ ವರ್ಷ, ನನಗೂ ಅದೇ ನಮೂನೆಯ ಆರ್ಡರು. ಟ್ರಸ್ಟಿನವರು ಒಂದು ಹುದ್ದೆಯನ್ನು ಕಾಯಂ ಮಾಡುತ್ತಾರೆಂಬ ಸುದ್ದಿ ಹುಟ್ಟಿದ್ದು ಆ ವರ್ಷ. ಕಾಯಂ ಆದವರಿಗೆ ದವಾಖಾನೆಯ ಆವರಣದಲ್ಲೇ ಎರಡು ಕೋಣೆಯ ಕ್ವಾರ್ಟರ್ಸು. ನನಗೆ ಅದು ಬೇಕಿರಲಿಲ್ಲ, ಆ ಊರಲ್ಲೇ ನನ್ನ ಮನೆ ಇತ್ತು. ಬಾಯಾರಿಗೆ ಬೇಕಿತ್ತು. ಆರು ವರ್ಷದಲ್ಲಿ ಆ ಊರಲ್ಲಿ ಒಬ್ಬರೂ ಅವರಿಗೆ ಬಾಡಿಗೆಗೆ ಮನೆ ಕೊಟ್ಟಿರಲಿಲ್ಲ. ದಿನಾ ತಮ್ಮ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅಪ್ಪ ತೀರಿಹೋಗಿ ಅವ್ವ ಒಬ್ಬಳೇ ಇದ್ದಳು, ಕಣ್ಣು ಮಂದವಾಗಿದ್ದವು. ಕ್ವಾರ್ಟರ್ಸು ಸಿಕ್ಕರೆ ಅವ್ವನನ್ನು ಕರೆತರುವುದು. ಬಾಯಾರು ಬಾಯಿಬಿಟ್ಟು ಏನನ್ನಾದರೂ ಬಯಸಿದ್ದನ್ನು ನಾನು ಕೇಳಿದ್ದು ಅದೊಂದೇ. ಖಾಲಿ ಕ್ವಾರ್ಟರ್ಸಿನ ಕಿಟಕಿಯಲ್ಲಿ ಇಣುಕಿ ನೋಡಿ ಬಂದು, "ಬಚ್ಚಲಾ ಒಳಗ ಐತಿ. ಅವ್ವ ಹೊರಗ ಹೋಗೂದು ತಪ್ಪತೈತಿ" ಎಂದಿದ್ದರು.

ಎರಿ ಸೀಮೆಯಲ್ಲಿ ಬದುಕುವುದೆಂದರೆ ಬಗ್ಗುವುದು. ಹೊಲದ ಕಸ ತೆಗೆಯಬೇಕು, ಕಡಲೆ ಕೀಳಬೇಕು, ಹತ್ತಿ ಬಿಡಿಸಬೇಕು, ಮೆಣಸಿನಕಾಯಿ ಬಿಡಿಸಬೇಕು. ಆದ್ದರಿಂದ ನಮ್ಮ ಖೋಲಿಗೆ ಬರುವವರಲ್ಲಿ ಹೆಚ್ಚಿನವರು ನಡನೋವಿನವರು. ಹುಬ್ಬಳ್ಳಿಯಿಂದ ಗುರುವಾರಕ್ಕೊಮ್ಮೆ ಬರುತ್ತಿದ್ದ ಎಲುಬಿನ ಡಾಕ್ಟರು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: "ಮಣಕಾ ಸವದಾವು. ಬಗ್ಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ, ಹಲಗಿ ಮ್ಯಾಲೆ ಮಲಗ್ರಿ, ಪಟ್ಟಾ ಕಟ್ಟ್ರಿ." ಮಣಕಾ ಎಂದರೆ ಬೆನ್ನೆಲುಬಿನ ಮಣಿ, ಪಟ್ಟಾ ಎಂದರೆ ಸೊಂಟಕ್ಕೆ ಬಿಗಿಯುವ ಗಟ್ಟಿ ಬೆಲ್ಟು. ಡಾಕ್ಟರು ಕೆಟ್ಟವರೇನಲ್ಲ. ಆಗಿನ ಪುಸ್ತಕಗಳು ಹೇಳಿದ್ದನ್ನು ಹೇಳುತ್ತಿದ್ದರು. ನಾನೂ ಅದನ್ನೇ ಓದಿ ಪಾಸಾದವನು. ಬಾಯಾರೂ ಅದನ್ನೇ ಓದಿ ಪಾಸಾದವರು, ಆದರೆ ಅವರು ಓದಿದ್ದರ ಜೊತೆಗೆ ಕಣ್ಣನ್ನೂ ಇಟ್ಟುಕೊಂಡಿದ್ದರು.

ಒಂದು ದಿನ ಕೂಲಿ ಮಾಡುವ ಹೆಂಗಸೊಬ್ಬಳು ಬಂದಳು. ಸೀರೆಯ ಮೇಲೆ ಪಟ್ಟಾ ಉಬ್ಬಿ ಕಾಣುತ್ತಿತ್ತು.

"ಬಾಯಾರ, ಇದನ್ನ ಕಟಗೊಂಡಾಗಿಂದ ಯಾರೂ ಕಸಾ ತಗ್ಯಾಕ ಕರೀವಲ್ಲರು. ನಡಾ ಮುರದಾಕಿ ಅಂತಾರ."

"ಮುರದೈತೇನು?"

"ಡಾಕ್ಟರು ಹಂಗಂದ್ರಲ್ರಿ."

"ಡಾಕ್ಟರ ಮಾತು ಬಿಡು. ಮುಂಜಾನೆ ರೊಟ್ಟಿ ಬಡದಿಯೋ ಇಲ್ಲೋ?"

"ಬಡೀಲಾರದ ಇರತೇನೇನ್ರಿ? ಇಲ್ಲಾಂದ್ರ ಅತ್ತಿ ನನ್ನ ಬಡೀತಾಳ."

"ನೀರು?"

"ಎರಡು ಕೊಡ ತಂದೆ."

"ಮುರದ ನಡಾ ಎರಡು ಕೊಡ ನೀರು ಹೊರತೈತೇನಬೇ?"

ಬಾಯಾರು ಅವಳ ಪಟ್ಟಾ ಬಿಚ್ಚಿ ಗೋಡೆಯ ಗೂಟಕ್ಕೆ ನೇತುಹಾಕಿದರು. ಕಪಾಟಿನಿಂದ ಒಂದು ಡಬ್ಬಿ ತೆಗೆದು ಅದರಲ್ಲಿದ್ದ ಕಡಲೆಯನ್ನು ನೆಲದ ತುಂಬ ಚೆಲ್ಲಿ, "ಆರಸು" ಎಂದರು. ನಾನು ಓಡಿಹೋಗಿ ಬಾಗಿಲು ಹಾಕಿದೆ. ಆ ಹೆಂಗಸು ಮೊದಲು ಅತ್ತಳು, ಆಮೇಲೆ ಬಾಯಾರನ್ನು ಬೈದಳು, "ದವಾಖಾನಿಗೆ ಬಂದೇನೋ ಹೊಲಕ್ಕ ಬಂದೇನೋ ಯವ್ವಾ" ಎಂದಳು, ಕೊನೆಗೆ ಕೊನೆಯ ಕಾಳನ್ನೂ ಆರಿಸಿ ನಕ್ಕಳು.

ನಕ್ಕಳು ಎಂದು ಬರೆದೆ. ನಿಜವಾಗಿ ನಕ್ಕಿದ್ದಳೇ? ಗೊತ್ತಿಲ್ಲ. ಇಂಥ ಕಥೆಗಳಲ್ಲಿ ಕೊನೆಗೆ ಯಾರಾದರೂ ನಗಬೇಕೆಂದು ನನ್ನ ಕೈ ತಾನೇ ಬರೆದುಬಿಟ್ಟಿತು. ನೆನಪಿನ ಚಟವೇ ಅದು, ತೊಳೆದು ಮಡಿಚಿ ಇಡುವುದು. ಖಂಡಿತವಾಗಿ ಗೊತ್ತಿರುವುದು ಇಷ್ಟು: ಅವಳು ಎರಡು ಹಿಡಿ ಕಡಲೆಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು, ಬಾಯಾರು ಬೈದರು, ಆದರೆ ಬಿಚ್ಚಿಸಿಕೊಳ್ಳಲಿಲ್ಲ. ಮುಂದಿನ ವಾರ ಅವಳು ಗುಂಪಿನಲ್ಲಿ ಕಸ ತೆಗೆಯುತ್ತಿದ್ದುದನ್ನು ಬಸ್ಸಿನಿಂದ ನಾನೇ ನೋಡಿದೆ. ಆ ಹಂಗಾಮು ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ಪಟ್ಟಾಗಳ ಸಾಲೇ ಇತ್ತು. ಬುಧವಾರ ಸಂಜೆ ಅವನ್ನೆಲ್ಲ ಇಳಿಸಿ ಟ್ರಂಕಿನಲ್ಲಿ ಬಚ್ಚಿಡುವುದು, ಡಾಕ್ಟರು ಬಂದು ಹೋದ ಮೇಲೆ ಶುಕ್ರವಾರ ಮತ್ತೆ ನೇತುಹಾಕುವುದು ನನ್ನ ಕೆಲಸವಾಗಿತ್ತು. ಅಂದರೆ ನನಗೆ ಗೊತ್ತಿತ್ತು. ಬಗ್ಗಿದವರು ಮುರಿದು ಬೀಳುವುದಿಲ್ಲ ಎಂಬುದನ್ನು ನಾನು ವಾರ ವಾರ ಕೈಯಾರೆ ಎಣಿಸಿ ನೇತುಹಾಕಿದ್ದೇನೆ. ಗೊತ್ತಿರಲಿಲ್ಲ ಎಂದು ಹೇಳುವ ಸೌಕರ್ಯ ನನಗಿಲ್ಲ.

ಇನ್ನೊಂದು. ಬಾಯಾರು ಮನೆಯಿಂದ ತಂಬಿಗೆಯಲ್ಲಿ ನೀರು ತರುತ್ತಿದ್ದರು. ದವಾಖಾನೆಯ ಕೊಡ ಮುಟ್ಟಬೇಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಬರದ ಹಾಗೆ ಅವರೇ ನೋಡಿಕೊಂಡಿದ್ದರು. ಬೇಸಿಗೆಯ ಒಂದು ಮಧ್ಯಾಹ್ನ ಅವರ ತಂಬಿಗೆಯಿಂದ ನಾನು ಗಟಗಟ ನೀರು ಕುಡಿದೆ ಎಂದು ಬರೆಯುವ ಆಸೆ ಬಹಳ ಇದೆ. ಈ ಬರಹಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಕುಡಿದ ನೆನಪಿಲ್ಲ. ಇಂಥದ್ದು ನೆನಪಿಲ್ಲವೆಂದರೆ ಕುಡಿದಿಲ್ಲ ಎಂದೇ ಅರ್ಥ. ದವಾಖಾನೆಯಲ್ಲಿ ನನ್ನನ್ನೂ ಕಂಪೌಂಡರನ್ನೂ ಎಲ್ಲರೂ 'ಅವರು' ಎನ್ನುತ್ತಿದ್ದರು. ಬಾಯಾರನ್ನು ಎದುರಿಗೆ 'ಬಾಯಾರ' ಎಂದು, ಬೆನ್ನ ಹಿಂದೆ 'ಆಕಿ' ಎಂದು ಕರೆಯುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ. ಈಗ 'ಅವರು' ಎಂದು ಬರೆಯುತ್ತಿರುವುದು ತಡವಾಗಿ ಕಲಿತ ವ್ಯಾಕರಣ.

ಎಂಥ ಬಿಸಿಲಿದ್ದರೂ ಅವರು ಬೂಟು, ಕಾಲುಚೀಲ ಹಾಕಿಕೊಂಡೇ ಇರುತ್ತಿದ್ದರು. ಬಿಳಿ ಕ್ಯಾನ್ವಾಸ್ ಬೂಟು, ಬಿಗಿಯಾಗಿ ಕಟ್ಟಿದ ಲಾಡಿ. ಅವರ ಪಾದವನ್ನು ಯಾರೂ ನೋಡಿರಲಿಲ್ಲ. ತೊನ್ನು ಇರಬೇಕೆಂದು ಕಂಪೌಂಡರು ಹೇಳುತ್ತಿದ್ದರು. ನಾನೂ ನಂಬಿದ್ದೆ.

ಗೊತ್ತಾದದ್ದು ಅವರ ಹಳ್ಳಿಯ ಮುದುಕನೊಬ್ಬ ಬಂದ ದಿನ. ನಡಾ ಹಿಡಿದುಕೊಂಡು ಒಂದು ಕಡೆ ವಾಲಿಕೊಂಡು ನಡೆದು ಬಂದ. ಮಂಚದ ಮೇಲೆ ಮಲಗಿ ಎಂದು ನಾನು ಹೇಳುವುದರೊಳಗೆ ನೆಲದ ಮೇಲೆ ಬೋರಲು ಮಲಗಿ ಅಂಗಿ ಮೇಲೆತ್ತಿದ.

"ಬೂಟು ಕಳೀರಿ ಬಾಯಾರ. ಮೂರು ಸಲ ತುಳದಬಿಡ್ರಿ. ಎದ್ದು ಹೊಲಕ್ಕ ಹೊಕ್ಕೇನಿ."

"ಏಳೋ ಮುದುಕಾ!" ಬಾಯಾರು ಕೂಗಿದ ರಭಸಕ್ಕೆ ಹೊರಗೆ ಕುಳಿತವರು ಬಾಗಿಲಲ್ಲಿ ಇಣುಕಿದರು. "ಏಳು ಮ್ಯಾಲೆ! ನಾ ಕಲತದ್ದು ಈ ಕೈಯಾಗ ಐತಿ, ಕಾಲಾಗ ಇಲ್ಲ!"

"ಸಣ್ಣಾಕಿದ್ದಾಗ ತುಳೀತಿದ್ದೆಲ್ಲವಾ. ಈಗ ಸಾಲಿ ಕಲತು ದೊಡ್ಡಾಕಿ ಆದೇನು?"

ಬಾಯಾರು ಹೊರಗೆ ಹೋಗಿಬಿಟ್ಟರು. ಮುದುಕನಿಗೆ ನಾನು ಕರೆಂಟ್ ಕೊಟ್ಟು ಕಳಿಸಿದೆ.

ನಮ್ಮ ಕಡೆ ಒಂದು ನಂಬಿಕೆ ಇದೆ: ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಹಿಡಿದ ನಡಾ ಬಿಡುತ್ತದೆ ಎಂದು. ಬಾಯಾರು ಹಾಗೆ ಹುಟ್ಟಿದವರು. ಸಂಜೆ ಬಸ್ಸಿಗೆ ಕಾಯುತ್ತ ನನಗೆ ಹೇಳಿದರು. ಒಂದೇ ಉಸಿರಿಗೆ ಹೇಳಿದ ಹಾಗೆ ನೆನಪು. ಎರಡು ಮೂರು ದಿನ ಬಿಡಿಬಿಡಿಯಾಗಿ ಹೇಳಿದ್ದಿರಲೂಬಹುದು.

"ಐದು ವರ್ಷದಾಕಿ ಇದ್ದಾಗಿಂದ ಕರೀತಿದ್ರು. ದೊಡ್ಡ ಮನಿ ಹಿತ್ತಲಕ್ಕ, ದನಾ ಕಟ್ಟೂ ಹಕ್ಕಿ ಬಾಜು. ಗಂಡಸು ಬೋರಲ ಬಿದ್ದಿರತಿದ್ದ. ನಮ್ಮವ್ವ ನನ್ನ ರಟ್ಟಿ ಹಿಡದು ಆತನ ಬೆನ್ನ ಮ್ಯಾಲೆ ನಿಂದರಸತಿದ್ಲು. ಎಡಗಾಲು, ಮೂರು ಸಲ. ಎದ್ದ ಕೂಡ್ಲೇ ಆತ ಸೀದಾ ಬಚ್ಚಲಕ್ಕ ಹೋಗಾವ, ಜಳಕಾ ಮಾಡಾಕ. ನನಗ ಬೆಲ್ಲ ದೂರಿಂದ ಒಗೀತಿದ್ರು. ಹಿಡೀಲಿಲ್ಲಂದ್ರ ಮಣ್ಣಾಗ ಬೀಳತಿತ್ತು."

"ಖರೇನ ಏಳತಿದ್ರೇನ್ರಿ?"

"ಅಗದಿ ಖರೇ. ಅದಕ್ಕಽ ನಾ ಇದನ್ನ ಕಲಿಯಾಕ ಹ್ವಾದೆ. ಐದು ವರ್ಷದ ಹುಡಿಗಿ ಎಷ್ಟು ಭಾರ ಇರತೈತಿ ತಮ್ಮಾ? ನನ್ನ ಕಾಲಾಗ ಏನೈತಿ? ಆತ ತನ್ನ ನಡದಲೇನ ಏಳತಿದ್ದ. ಏಳಬಹುದು ಅಂತ ಯಾರರೆ ಹೇಳಬೇಕಾಗಿತ್ತು. ಅಷ್ಟ." ಬಗ್ಗಿ ಬೂಟಿನ ಲಾಡಿ ಬಿಗಿದುಕೊಂಡು, "ಕಾಲಿನಿಂದ ಕೈಗೆ ಬರಾಕ ನನಗ ಇಪ್ಪತ್ತು ವರ್ಷ ಹಿಡದಾವು. ಇನ್ನೂ ಬೂಟು ಕಳಿ ಅಂತಾರ" ಎಂದರು.

ಆ ದೊಡ್ಡ ಮನೆಯ ಯಜಮಾನರೇ ನಮ್ಮ ಟ್ರಸ್ಟಿನ ಅಧ್ಯಕ್ಷರು. ಬಾಯಾರು ಐದು ವರ್ಷದವರಿದ್ದಾಗ ಅವರು ಮೂವತ್ತರ ಆಸುಪಾಸಿನ ಗಂಡು. ಹಿತ್ತಲಲ್ಲಿ ಬೋರಲು ಮಲಗಿದ್ದವರಲ್ಲಿ ಅವರೂ ಒಬ್ಬರು. ಇದನ್ನು ಬಾಯಾರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆಮೇಲೆ ತಾನಾಗಿ ತಿಳಿಯಿತು.

ಇನ್ನು ಆ ಹಾಳೆಯ ಮಾತು. ಎಲುಬಿನ ಡಾಕ್ಟರಿಗೆ ಒಂದು ವಿಚಾರ ಹೊಳೆಯಿತು. ನಡನೋವಿನವರಿಗೆ ಕಸರತ್ತು ಮಾಡಿಸುವವರು ಆ ನೋವಿನ ಬಗ್ಗೆ ಏನು ನಂಬುತ್ತಾರೆ ಎಂದು ಅಳೆಯಬೇಕು. ಒಳ್ಳೆಯ ವಿಚಾರವೇ. ತಾವೇ ಮಾತುಗಳನ್ನು ಜೋಡಿಸಿ, ಸೈಕ್ಲೋಸ್ಟೈಲ್ ಮಾಡಿಸಿ, ಎರಡು ಹಾಳೆ ತಂದು ನಮ್ಮಿಬ್ಬರಿಗೂ ಕೊಟ್ಟರು. 'ನಡನೋವು ಇದ್ದವರು ಬಗ್ಗಬಾರದು.' 'ನೋವು ಹೆಚ್ಚಾಯಿತೆಂದರೆ ಒಳಗಿನ ಕೆಡುಕು ಹೆಚ್ಚಾಗಿದೆ ಎಂದೇ ಅರ್ಥ.' 'ನೋವು ಪೂರ್ತಿ ಹೋಗುವ ತನಕ ಕೆಲಸಕ್ಕೆ ಹೋಗಬಾರದು.' ಪ್ರತಿಯೊಂದರ ಮುಂದೆ ಚೌಕಗಳು: ಪೂರ್ಣ ಒಪ್ಪುತ್ತೇನೆ ಎಂಬಲ್ಲಿಂದ ಒಪ್ಪುವುದೇ ಇಲ್ಲ ಎಂಬಲ್ಲಿಯವರೆಗೆ. ಕೊನೆಗೆ ಖಾಲಿ ಜಾಗ, 'ನಿಮ್ಮ ಅನುಭವ ಬರೆಯಿರಿ.' ಕೊಡುವಾಗ ಡಾಕ್ಟರು ನನ್ನೊಬ್ಬನಿಗೆ, "ಕಾಯಂ ಮಾಡೂ ಮುಂದ ಕಮಿಟಿಯವರು ಇದನ್ನ ನೋಡತಾರ" ಎಂದರು. ನನಗೊಬ್ಬನಿಗೇ ಯಾಕೆ ಹೇಳಿದರು? ಯಾಕೆಂದು ನಿಮಗೂ ಗೊತ್ತು.

ನಾನು ಬಾಯಾರಿಗೆ ಹೇಳಿದೆ. ಅಷ್ಟು ಮಾಡಿದೆ. "ಬಾಯಾರ, ಇದು ಪರೀಕ್ಷಾ ಇದ್ದಂಗ. ಡಾಕ್ಟರು ಹೇಳಿದ್ದಕ್ಕೆಲ್ಲಾ ಪೂರ್ಣ ಒಪ್ಪುತ್ತೇನೆ ಅಂತ ಹಾಕಿಬಿಡ್ರಿ."

ಬಾಯಾರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದರು. ಅವರ ಮುಖದಲ್ಲಿ ಬೈಗುಳದ ಲಕ್ಷಣ ಇರಲಿಲ್ಲ. "ಪರೀಕ್ಷಾ ಅಂತ ಎಲ್ಲಿ ಬರದಾರೋ? ನೀವೇನು ನಂಬತೀರಿ ಅಂತ ಕೇಳ್ಯಾರ ನೋಡು. ನನಗ ಇಲ್ಲೀ ಮಟಾ ಯಾರೂ ಹಿಂಗ ಕೇಳಿದ್ದಿಲ್ಲ" ಎಂದರು.

ಅವರಿಗೆ ಖುಷಿಯಾಗಿತ್ತು. ನನ್ನ ಸಿಟ್ಟೆಲ್ಲ ಬಂದು ನಿಲ್ಲುವುದು ಈ ಜಾಗದಲ್ಲಿ. ಮೂವತ್ತು ದಾಟಿದ, ಲೋಕದ ಕಪಟವನ್ನೆಲ್ಲ ಬೆಲ್ಲದ ಉಂಡೆಯಿಂದಲೇ ಕಲಿತ ಹೆಂಗಸು, ಒಂದು ಹಾಳೆ ಕಾಗದ ನೋಡಿ ಮರುಳಾದರು. ತಮ್ಮನ್ನು ಏನು ನಂಬುತ್ತೀರಿ ಎಂದು ಕೇಳಿದವರು ಉತ್ತರವನ್ನೂ ಕೇಳಿಸಿಕೊಳ್ಳುತ್ತಾರೆ ಎಂದುಕೊಂಡರು. ಎರಡು ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕುಳಿತು, ದುಂಡಗಿನ ಅಕ್ಷರದಲ್ಲಿ, ಜಾಗ ಸಾಲದೆ ಇನ್ನೊಂದು ಹಾಳೆ ಲಗತ್ತಿಸಿ ಬರೆದರು.

ನಾನು ಐದು ನಿಮಿಷದಲ್ಲಿ ಮುಗಿಸಿದೆ. ಪೂರ್ಣ ಒಪ್ಪುತ್ತೇನೆ, ಪೂರ್ಣ ಒಪ್ಪುತ್ತೇನೆ, ಪೂರ್ಣ ಒಪ್ಪುತ್ತೇನೆ. ಹಿಂದಿನ ಗೋಡೆಯ ಮೇಲೆ ಪಟ್ಟಾಗಳು ತೂಗುತ್ತಿದ್ದವು.

ಕಮಿಟಿ ಕೂಡಿದ ದಿನ ನನ್ನನ್ನು ಬಾಗಿಲ ಬಳಿ ನಿಲ್ಲಿಸಿದ್ದರು. ಬಾಯಾರನ್ನು ಕರೆದಿರಲಿಲ್ಲ. ಡಾಕ್ಟರು ನನ್ನ ಹಾಳೆಯನ್ನು ಪಕ್ಕಕ್ಕಿಟ್ಟು ಬಾಯಾರದನ್ನು ಗಟ್ಟಿಯಾಗಿ ಓದಿದರು. ಆ ಹಾಳೆ ನನ್ನ ಹತ್ತಿರ ಇಲ್ಲ. ನೆನಪಿನಿಂದ ಬರೆಯುತ್ತೇನೆ, ಆದ್ದರಿಂದ ಅವರ ಮಾತಿನ ಚೂಪು ಇದಕ್ಕಿಲ್ಲ: 'ನಾನು ಚಿಕ್ಕವಳಿದ್ದಾಗ ದೊಡ್ಡ ಮನೆಗಳವರು ನನ್ನಿಂದ ನಡಾ ತುಳಿಸಿಕೊಳ್ಳುತ್ತಿದ್ದರು. ನನ್ನ ಕಾಲಿನಲ್ಲಿ ಏನೂ ಇರಲಿಲ್ಲ. ಆದರೂ ಎದ್ದರು. ಏಳಬಹುದೆಂದು ನಂಬಿದ್ದರಿಂದ ಎದ್ದರು. ಈಗ ಓದಿದ ನಾವು ಅವರಿಗೆ ಏಳಬೇಡಿ ಎನ್ನುತ್ತೇವೆ. ಅದನ್ನೂ ನಂಬುತ್ತಾರೆ. ಪಟ್ಟಾ ಬಿಚ್ಚಿಸಿ ಬಗ್ಗಿಸಿದವರು ಯಾರೂ ನನ್ನ ಕೈಯಲ್ಲಿ ಕೆಟ್ಟಿಲ್ಲ. ಅಳೆಯುವುದಾದರೆ ಮೊದಲು ನಮ್ಮ ಬಾಯಿಯನ್ನು ಅಳೆಯಬೇಕು.'

ಅಧ್ಯಕ್ಷರು ಬಸಿಗೆ ಸುರಿದುಕೊಂಡ ಚಹಾ ತುಟಿಯ ಹತ್ತಿರ ಹೋಗಿ ನಿಂತಿತ್ತು.

"ಯಾರದರೆ ಮನಿ ಹೆಸರು ಗಿಸರು ಬರದಾಳೇನು?"

"ಇಲ್ರಿ" ಎಂದರು ಡಾಕ್ಟರು.

ಅಧ್ಯಕ್ಷರು ಚಹಾ ಕುಡಿದರು. ಬಸಿ ಕೆಳಗಿಟ್ಟರು. "ತುಳಿಯೂದಂತ, ಗಿಳಿಯೂದಂತ. ಇಂಥಾ ಮೂಢನಂಬಿಕಿ ಇದ್ದಾಕಿ ದವಾಖಾನಿಗೆ ಶೋಭಾ ಅಲ್ಲ" ಎಂದರು.

ಡಾಕ್ಟರು ನನ್ನ ಕಡೆ ತಿರುಗಿದರು. "ಆಕಿ ಪಟ್ಟಾ ಬಿಚ್ಚಿಸಿ ಪೇಷಂಟನ್ನ ಬಗ್ಗಸತಾಳ, ಖರೇ ಏನು?"

"ಹೌದ್ರಿ" ಎಂದೆ.

ಇಷ್ಟೇ. ಅದು ಸುಳ್ಳೇನಲ್ಲ. ಬಗ್ಗಿಸುತ್ತಾರೆ, ಹೌದು, ಆಮೇಲೆ ಅವರೆಲ್ಲ ಎದ್ದು ಕೆಲಸಕ್ಕೆ ಹೋಗುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ, ಎಂದು ಮುಂದುವರಿಸಬೇಕಿತ್ತು. ನಾಲ್ಕು ಮಾತು. ಕೇಳುವಷ್ಟು ಹೊತ್ತು ಅವರು ಸುಮ್ಮನೆ ನನ್ನನ್ನು ನೋಡಿದರು ಕೂಡ. ನಾನು ಪೂರ್ಣವಿರಾಮ ಇಟ್ಟೆ.

ಹುದ್ದೆ ನನ್ನದಾಯಿತು. ಬಾಯಾರ ಹನ್ನೊಂದು ತಿಂಗಳು ಮುಗಿಯಲು ಐದು ವಾರ ಉಳಿದಿತ್ತು. ಆ ಐದು ವಾರವೂ ಅವರು ಬಂದರು, ಬಗ್ಗಿಸಿದರು, ಬೈದರು. ನನ್ನನ್ನು ಮಾತ್ರ ಬೈಯಲಿಲ್ಲ. ಅಂಗಿಯ ಬಗ್ಗೆ ಸಹ ಏನೂ ಅನ್ನಲಿಲ್ಲ.

ಕೊನೆಯ ದಿನ. ಬಾಯಾರು ಕಡಲೆ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಆಗ ಒಂದು ಜೀಪು ಬಂತು. ಅಧ್ಯಕ್ಷರ ಮನೆಯ ಆಳು.

"ಬಾಯಾರ, ಗೌಡ್ರ ನಡಾ ಹಿಡದೈತಿ. ಮುಂಜಾನೆ ಕೆರ ಮೆಟ್ಟಾಕ ಬಗ್ಗಿದ್ರು, ಹಂಗಽ ಕುಂತಬಿಟ್ರು. ನಿಮ್ಮನ್ನ ಕರಕೊಂಡು ಬಾ ಅಂದಾರ."

"ನನ್ನನೇನು? ನೌಕರಿ ತಗದಾರಲ್ಲೋ ನನ್ನ."

ಆಳು ನೆಲ ನೋಡಿದ. "ಅದು ನನಗ ಗೊತ್ತಿಲ್ರೀ. ಒಂದ ಸಲ ಬಂದು ಕಾಲು… ಮೊದಲು ಮಾಡತಿದ್ರಿ ಅಂತಲ್ರಿ."

"ಎಲ್ಲಿ ಮಲಗ್ಯಾರ?"

"ಹಿತ್ತಲದಾಗ. ಹಕ್ಕಿ ಬಾಜು."

ಸಿಟ್ಟು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಪೇಷಂಟಿನ ಬಗ್ಗೆ ಕೇಳುವ ದನಿಯಲ್ಲೇ ಕೇಳಿದರು, ಕಾಲಿಗೆ ಜೋಮು ಇದೆಯೋ, ಮೂತ್ರ ಸರಿಯಾಗಿ ಆಗುತ್ತದೋ ಎಂದು. ಎಲ್ಲ ಸರಿ ಇತ್ತು. ಆಮೇಲೆ ಹೇಳಿದರು: "ಹೋಗಿ ಹೇಳು. ಅವರನ್ನ ಮನಿ ಒಳಗ ಕರಕೊಂಡು ಹೋಗಿ ಮಂಚದ ಮ್ಯಾಲೆ ಮಲಗಸ್ರಿ. ನಾ ತಲಬಾಗಲದಿಂದ ಒಳಗ ಬರತೇನಿ, ಕೈಯಿಂದ ನೋಡತೇನಿ. ಇವತ್ತ ಎಬ್ಬಿಸಿ ನಡಸತೇನಿ. ಒಪ್ಪಿಗಿ ಇತ್ತಂದ್ರ ಜೀಪು ತಗೊಂಡು ಬಾ."

ಜೀಪು ಹೋಯಿತು. ಬಾಯಾರು ತಮ್ಮ ಬಸ್ಸನ್ನು ಬಿಟ್ಟು ಕಾದರು. ಒಂದು ತಾಸಿನ ಮೇಲೆ ಜೀಪು ಬಂತು.

"ಒಳಗ ಬ್ಯಾಡಂತ್ರಿ. ಕಾಲಷ್ಟ ಸಾಕಂತ."

ಬಾಯಾರು ಕೈಚೀಲ ಎತ್ತಿಕೊಂಡರು.

ಆಳು ನನ್ನ ಕಡೆ ತಿರುಗಿ, "ಹಂಗಾರ ಸರ್, ನೀವರೆ ಬರ್ರಿ" ಎಂದ.

ನಾನು ಬಾಯಾರನ್ನು ನೋಡಿದೆ. ಎಷ್ಟೋ ದಿನದ ಮೇಲೆ ಅವರು ನನ್ನ ಜೊತೆ ಮಾತಾಡಿದರು. "ಹೋಗೋ ತಮ್ಮಾ. ಮನಷಾ ನೋವಿನ್ಯಾಗ ಅದಾನ. ಪಟ್ಟಾ ಕಟ್ಟಬ್ಯಾಡ. ಅಂಜಸಬ್ಯಾಡ. ಏನೂ ಮುರದಿಲ್ಲ ಅಂತ ಮೊದಲು ಹೇಳು. ಇವತ್ತ ನಾಕು ಹೆಜ್ಜಿ ನಡಸು, ನಾಳೆ ಬಗ್ಗಸು. ವಾರದಾಗ ಹೊಲಕ್ಕ ಹೋಗತಾನ." ಅಷ್ಟು ಹೇಳಿ ರಸ್ತೆಯ ಕಡೆ ನಡೆದರು.

ಅಧ್ಯಕ್ಷರ ಮನೆಯಲ್ಲಿ ನನ್ನನ್ನು ತಲಬಾಗಿಲಿನಿಂದಲೇ ಒಳಗೆ ಕರೆದರು. ಹಿತ್ತಲಿನಿಂದ ಅವರನ್ನು ಎತ್ತಿ ತಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿದರು, ನನಗೆ ಅವಲಕ್ಕಿ, ಚಹಾ. ಅವರ ಮುಖ ಬೆವೆತಿತ್ತು, ಕಣ್ಣಲ್ಲಿ ಮಗುವಿನ ಅಂಜಿಕೆ. ನನ್ನ ಕೈ ಹಿಡಿದು, "ಏನಾಗೇತಿ ಹೇಳ್ರಿ ಸರ್, ಮುಚ್ಚಿಡಬ್ಯಾಡ್ರಿ" ಎಂದರು.

ಏನೂ ಮುರಿದಿಲ್ಲ ಎನ್ನಬೇಕಿತ್ತು. ಬಾಯಾರ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಆದರೆ ನಾನು ಕಾಯಂ ಆಗಿ ಒಂದು ತಿಂಗಳಾಗಿತ್ತಷ್ಟೆ. ಗುರುವಾರ ಡಾಕ್ಟರು ಬಂದು ನೋಡುತ್ತಾರೆ. ಬಗ್ಗಿಸಿ ಏನಾದರೂ ಹೆಚ್ಚುಕಡಿಮೆ ಆದರೆ? ಆ ಹಾಳೆಯಲ್ಲಿ ನನ್ನ ಸಹಿ ಇದೆ. ನನ್ನ ಬಾಯಿಂದ ಬಂದದ್ದು: "ಮಣಕಾ ಸವದಿರಬೇಕ್ರಿ. ಅಗದಿ ಹುಷಾರಿಂದ ಇರಬೇಕು. ಬಗ್ಗಬ್ಯಾಡ್ರಿ. ಏಳಬ್ಯಾಡ್ರಿ." ಪಟ್ಟಾ ಕಟ್ಟಿದೆ. ಮಂಚಕ್ಕೆ ಹಲಗೆ ಹಾಕಿಸಿದೆ. ಗುರುವಾರ ಡಾಕ್ಟರು ಬಂದು, ಸರಿಯಾಗಿ ಮಾಡಿದಿ ಎಂದು ನನ್ನ ಬೆನ್ನು ತಟ್ಟಿದರು.

ಅಧ್ಯಕ್ಷರು ನನ್ನ ಮಾತನ್ನು ಪೂರ್ಣ ಒಪ್ಪಿದರು. ಅಂಥ ವಿಧೇಯ ಪೇಷಂಟನ್ನು ನಾನು ಆಮೇಲೆ ನೋಡಿಲ್ಲ. ತಿಂಗಳು ಮಲಗಿದರು. ಎದ್ದಾಗ ಕಾಲು ನಡುಗಿದವು, ಮಣಕಾ ಪೂರಾ ಹೋಯಿತೆಂದು ಅಂಜಿ ಮತ್ತೆ ಮಲಗಿದರು. ವರ್ಷ ತುಂಬುವ ಹೊತ್ತಿಗೆ ತೊಡೆಗಳು ಬತ್ತಿದವು. ಬಚ್ಚಲಿಗೆ ಇಬ್ಬರು ಹಿಡಿದುಕೊಂಡು ಹೋಗುತ್ತಿದ್ದರು. ಹೊಲ ನೋಡಲೇ ಇಲ್ಲ. ಕೆಲವು ವರ್ಷಗಳ ಮೇಲೆ ಆ ಮಂಚದ ಮೇಲೆಯೇ ತೀರಿಕೊಂಡರು. ವಾರದಲ್ಲಿ ಬಿಡಬೇಕಾಗಿದ್ದ ನಡಾ.

ಬಾಯಾರು ಅಳ್ನಾವರದ ಕಡೆ ಪೋಲಿಯೊ ಆದ ಮಕ್ಕಳ ಶಾಲೆಯೊಂದನ್ನು ಸೇರಿದರು. ಅವ್ವನನ್ನು ಕರೆದೊಯ್ಯುವ ಮೊದಲೇ ಅವ್ವ ಹೋಗಿಬಿಟ್ಟಳೆಂದು ಕೇಳಿದೆ. ಇಲ್ಲಿಂದ ಅಳ್ನಾವರ ಅರ್ಧ ದಿನದ ಹಾದಿ. ನಾನು ಒಮ್ಮೆಯೂ ಹೋಗಲಿಲ್ಲ. ಪುರಸತ್ತು ಇರಲಿಲ್ಲ ಎಂದು ಬರೆದು ಹೊಡೆದುಹಾಕಿದೆ. ಮೂವತ್ತು ವರ್ಷ ಪುರಸತ್ತು ಇಲ್ಲದವನು ಯಾವನೂ ಇಲ್ಲ.

ಈಗ ಅಂಥ ಹಾಳೆಗಳು ಎಲ್ಲೆಲ್ಲೂ ಇವೆ. ಚಿಕಿತ್ಸೆ ಕೊಡುವವನು ನಡನೋವಿನ ಬಗ್ಗೆ ಏನು ನಂಬುತ್ತಾನೋ ಅದು ರೋಗಿಯ ಮೈಗೆ ಇಳಿಯುತ್ತದೆ, ಅದನ್ನು ಮೊದಲು ಅಳೆಯಬೇಕು ಎನ್ನುತ್ತಾರೆ. ಮಾತುಗಳು ಹೆಚ್ಚುಕಡಿಮೆ ಅವೇ. ಬಾಯಾರು ಒಪ್ಪುವುದೇ ಇಲ್ಲ ಎಂದು ಗುರುತು ಹಾಕಿದ ಕಡೆ ಈಗ ಸರಿಯುತ್ತರ. ನಿವೃತ್ತನಾದ ನನ್ನನ್ನು ಕಾಲೇಜುಗಳಿಗೆ ಕರೆದು ಶಾಲು ಹೊದಿಸಿ, ಇದರ ಬಗ್ಗೆಯೇ ಮಾತಾಡಿಸುತ್ತಾರೆ. ನಾನು ಮಾತಾಡುತ್ತೇನೆ. ಚೆನ್ನಾಗಿ ಮಾತಾಡುತ್ತೇನೆ ಎನ್ನುತ್ತಾರೆ.

ಬಾಯಾರ ಹೆಣವನ್ನು ಅವರ ಹಳ್ಳಿಗೇ ತಂದರು. ಈ ಸಲ ಹೋದೆ. ಪಂಚಶೀಲ ಹೇಳಿಕೊಂಡು ಓಣಿಯ ಜನ ಹೊತ್ತು ನಡೆದಿದ್ದರು, ನಾನು ಹಿಂದಿದ್ದೆ. ಊರ ಅಗಸಿ ಬಾಗಿಲ ಹತ್ತಿರ ಒಬ್ಬ ಮೋಟರ್ ಸೈಕಲ್ಲು ನಿಲ್ಲಿಸಿಕೊಂಡು ದಾರಿ ಬಿಟ್ಟು ನಿಂತಿದ್ದ. ಅಧ್ಯಕ್ಷರ ಮಗ. ಅವನಿಗೂ ತಲೆ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು ಕೈಮುಗಿದ.

"ಸತ್ತಾಕಿ ಬಗ್ಗೆ ಅನಬಾರದು ಸರ್. ಆದ್ರ ಬಾಳ ಸೊಕ್ಕಿನಾಕಿ. ಅವತ್ತು ಆಕಿ ಒಂದು ಕಾಲ ಇಟ್ಟಿದ್ರ ನಮ್ಮಪ್ಪ ಹಾಸಿಗಿ ಹಿಡೀತಿದ್ದಿಲ್ಲ. ನೀವರೆ ಬಂದು ಎಷ್ಟು ಕಾಳಜಿಯಿಂದ ನೋಡಿದ್ರಿ."

"ನಿಮ್ಮಪ್ಪನ್ನ ಹಾಸಿಗಿಗೆ ಹಾಕಿದಾವ ನಾನು" ಎಂದೆ. "ಎಬ್ಬಿಸಿ ನಡಸು ಅಂತ ಅವರು ನನಗ ಹೇಳಿ ಕಳಿಸಿದ್ರು. ನಾ ಮಲಗಿಸಿದೆ."

"ಛೆ ಛೆ. ದೊಡ್ಡವರು ನೀವು. ಹಂಗ ಅನಬಾರದ್ರಿ."

ಅದು ಅವನಿಗೆ ನನ್ನ ವಿನಯದ ಹಾಗೆ ಕೇಳಿಸಿತು. ಮತ್ತೊಮ್ಮೆ ಹೇಳಿದೆ, ಬಿಡಿಸಿ ಹೇಳಿದೆ: ಏನೂ ಮುರಿದಿರಲಿಲ್ಲ, ನನಗೆ ಗೊತ್ತಿತ್ತು, ನೌಕರಿಗೆ ಅಂಜಿ ಸುಳ್ಳು ಹೇಳಿದೆ. ಅವನು ತಲೆಯಾಡಿಸುತ್ತ ನಗುತ್ತಿದ್ದ. ಮೂರನೇ ಸಲ ಕೂಗಿದೆ. ಹೆಣ ಹೊತ್ತವರಲ್ಲಿ ಇಬ್ಬರು ತಿರುಗಿ ನೋಡಿದರು.

ಅಧ್ಯಕ್ಷರ ಮಗ ಹತ್ತಿರ ಬಂದು, ಮೆಲ್ಲಗೆ ನನ್ನ ತೋಳು ಹಿಡಿದು, "ಸರ್, ಬಿಪಿ ಗುಳಿಗಿ ತಗೊಂಡೀರಿಲ್ಲೋ?" ಎಂದು ಕೇಳಿದ.